ಈ ತುಂಡು ಯಾರಿಗೆ

ನವೆಂಬರ್ 27, ಬೆಳಿಗ್ಗೆ

ಮಾವನಿಗೆ ಶೇವಿಂಗ್ ಆಯಿತು. ಎಡಗೆನ್ನೆ ಸಲೀಸು. ಬಲಗೆನ್ನೆ ಜೋಲು ಬಿದ್ದಿದೆ, ಚರ್ಮ ಎಳೆದು ಹಿಡಿಯಬೇಕು. "ನೋವಾಯ್ತಾ ಮಾವ?" ಅಂದೆ. "ಅಲ್ಲ." "ಕಾಫಿ ತರಲಾ?" "ಅಲ್ಲ." ತಂದುಕೊಟ್ಟೆ. ಕುಡಿದರು.

ಸ್ಟ್ರೋಕ್ ಆದಮೇಲೆ ಅವರ ಬಾಯಲ್ಲಿ ಉಳಿದದ್ದು ಇದೊಂದೇ ಶಬ್ದ. ಹಸಿವಿಗೂ ಅಲ್ಲ, ನಿದ್ದೆಗೂ ಅಲ್ಲ, ಅತ್ತೆ ಎದುರಿಗೆ ಬಂದರೂ ಅಲ್ಲ. ಅತ್ತೆ ಹೇಳುತ್ತಾರೆ, "ಮದುವೆ ಆದಾಗಿಂದ ನಂಗೆ ಅದನ್ನೇ ಹೇಳ್ತಿದ್ರು. ಈಗ ಮಿಕ್ಕವರಿಗೂ ಹೇಳ್ತಿದಾರೆ, ಅಷ್ಟೆ." ಹೇಳಿ ನಗುತ್ತಾರೆ. ಆಮೇಲೆ ಅಡುಗೆಮನೆಗೆ ಹೋಗಿ ಅಳುತ್ತಾರೆ.

ತಿಂಡಿಗೆ ಕೂತಾಗ ಇವರು ಮತ್ತೆ ಮಂಚದ ವಿಷಯ ತೆಗೆದರು. ಆಸ್ಪತ್ರೆ ಮಂಚ, ತಲೆ ಕಡೆ ಎತ್ತಿ ಇಳಿಸುವಂಥದ್ದು. ಮೆಟ್ಟಿಲಿಲ್ಲದೆ ಗಾಲಿಕುರ್ಚಿ ಹೋಗುವ ಕೋಣೆ ಒಂದೇ, ಮುಂದಿನದು. ಅಂದರೆ ಮಾವನ ಫ್ರೆಂಚ್ ಕ್ಲಾಸ್ ನಡೆಯುವ ಕೋಣೆ. ಅಂದರೆ ಆ ಉದ್ದನೆ ಮೇಜು ಹೊರಗೆ, ಕಲಿಯಲು ಬರುವವರು ಬೇರೆ ಕಡೆಗೆ.

"ಮಾತು ಬಂದಮೇಲೆ ಎಲ್ಲಿ ಪಾಠ ಮಾಡ್ತಾರೆ?" ಅಂದೆ.

"ಬಂದಮೇಲೆ ನೋಡೋಣ."

ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಇವರು ನಿಸ್ಸೀಮರು. ಬರುವುದಿಲ್ಲ ಅಂತ ಒಳಗೊಳಗೇ ತೀರ್ಮಾನ ಮಾಡಿಯಾಗಿದೆ. ಹೇಳಲು ಹೆದರಿಕೆ. ನನಗೆ ಸಿಟ್ಟು ಬಂತು. ಕ್ಲಾಸ್ ನಾನು ನಡೆಸುತ್ತೇನೆ ಅಂದುಬಿಟ್ಟೆ.

ಇವರ ಲೋಟ ತುಟಿಯ ಹತ್ತಿರವೇ ನಿಂತಿತು. "ನೀನಾ?"

ಹೌದು, ನಾನೇ. ಕಾಲೇಜಿನಲ್ಲಿದ್ದಾಗ ಒಂದು ವರ್ಷ ಅದೇ ಮೇಜಿಗೆ ಬಂದು ಕೂತವಳು. ಫ್ರೆಂಚ್ ಬರಲಿಲ್ಲ, ಗಂಡ ಬಂದ. ಅಂದಿನಿಂದ ಮಾವ ನನ್ನನ್ನು ಕರೆಯುವುದೇ 'ಮೊವೇಜ್ ಎಲೆವ್' ಅಂತ. ಕೆಟ್ಟ ವಿದ್ಯಾರ್ಥಿ. ಮದುವೆಗೆ ಬಂದ ನೆಂಟರಿಗೂ ಹಾಗೇ ಪರಿಚಯ ಮಾಡಿಸಿದ ಪುಣ್ಯಾತ್ಮ. ದಿನಾ ಬೆಳಿಗ್ಗೆ ಮುಂದಿನ ಕೋಣೆಯಿಂದ ಕೂಗು — ಮೊವೇಜ್ ಎಲೆವ್, ಕಾಫಿ. ಆಗ ಮೈ ಉರಿಯುತ್ತಿತ್ತು. ಈಗ ಕಾಫಿ ಕಾಯಿಸುವಾಗಲೆಲ್ಲ ಕಿವಿ ಅತ್ತಲೇ ಇರುತ್ತದೆ.

ಕೊನೆಗೆ ಒಪ್ಪಂದ ಆಯಿತು. ಜನವರಿ ಆರರವರೆಗೆ ಕ್ಲಾಸ್. ಅಷ್ಟರಲ್ಲಿ ಮಾವ 'ಅಲ್ಲ' ಬಿಟ್ಟು ಇನ್ನೊಂದು ಮಾತು ಆಡದಿದ್ದರೆ ಮೇಜು ಹೊರಗೆ, ಮಂಚ ಒಳಗೆ.

ನವೆಂಬರ್ 29

ಒಪ್ಪಿಕೊಂಡದ್ದೇನೋ ಸರಿ, ಕಲಿಸುವುದು ಏನನ್ನು?

ಮಾವನ ಪದ್ಧತಿಯೇ ಬೇರೆ. ಡಿಸೆಂಬರ್ ಬಂತೆಂದರೆ ಪುಸ್ತಕ ಮುಚ್ಚಿಸುತ್ತಿದ್ದರು. ಜನವರಿ ಆರರವರೆಗೆ ಬರೀ ಕ್ರಿಸ್‌ಮಸ್. ಫ್ರೆಂಚ್ ಆಡುವ ಯಾವ ಯಾವ ನಾಡಿನಲ್ಲಿ ಹೇಗೆ ಹೇಗೆ ಅಂತ. ಮಾಡುತ್ತಾ ಕಲಿಯಬೇಕು, ಕೈ ಆಡಿದರೆ ನಾಲಿಗೆಯೂ ಆಡುತ್ತದೆ ಅನ್ನುತ್ತಿದ್ದರು. ಒಂದು ಸಾಲೂ ಬರೆದಿಟ್ಟಿಲ್ಲ. ಎಲ್ಲ ತಲೆಯಲ್ಲಿ. ತಲೆಗೆ ಬೀಗ ಬಿದ್ದಿದೆ.

ಬೀರು ಮೇಲಿನ ರಟ್ಟಿನ ಪೆಟ್ಟಿಗೆ ಇಳಿಸಿದೆ. ಒಳಗೆ ಮೂರು ಸಾಸರ್. ಒಂದು ಗೋಧಿ ಪೊಟ್ಟಣ. ಒಂದೇ ಒಂದು ಮರದ ಬೂಟು, ಜೊತೆಯದು ಇಲ್ಲ. ಮೇಜಿಗೆ ಹಾಸುವ ದೊಡ್ಡ ಬಿಳಿ ಬಟ್ಟೆ. ಗುಂಡಿಗಳ ಡಬ್ಬಿ, ಅದರಲ್ಲಿ ಬೆರಳಿನ ಉಗುರಿನಷ್ಟು ದೊಡ್ಡ ಪಿಂಗಾಣಿ ಬಾತುಕೋಳಿ. ಯಾವುದೋ ಮಗುವಿನ ಮುರಿದ ಆಟಿಕೆ ಇರಬೇಕು. ಎಸೆಯಲು ಹೋದೆ. ಗಾಲಿಕುರ್ಚಿಯಿಂದ "ಅಲ್ಲ" ಬಂತು. ಇಟ್ಟುಕೊಂಡೆ.

ಡಿಸೆಂಬರ್ 2

ಅತ್ತೆ ಆ ಗೋಧಿಯನ್ನು ಪಾರಿವಾಳಗಳಿಗೆ ಹಾಕಿದ್ದಾರೆ. "ಹುಳ ಹಿಡಿದಿತ್ತು ಕಣೆ, ಅದನ್ನಿಟ್ಕೊಂಡು ಏನು ಮಾಡ್ತೀಯ?" ಏನು ಮಾಡುತ್ತೇನೆ ಅಂತ ನನಗೂ ಗೊತ್ತಿರಲಿಲ್ಲ, ಆದ್ದರಿಂದ ಜಗಳ ಆಡಲಿಕ್ಕೂ ಆಗಲಿಲ್ಲ.

ಬೇಕರಿಯವರಿಗೆ ಫೋನ್ ಮಾಡಿದೆ. ಅವರು ಹಳೆಯ ವಿದ್ಯಾರ್ಥಿ, ಫ್ರೆಂಚ್ ಕೇಕುಗಳ ವಿದ್ಯೆಯನ್ನು ಅದೇ ಭಾಷೆಯಲ್ಲಿ ಓದಬೇಕೆಂಬ ಹುಚ್ಚು. "ಗೋಧಿನಾ? ನಾಲ್ಕನೇ ತಾರೀಖು ಬಿತ್ತೋದಕ್ಕೆ ಮೇಡಂ. ಹಿಟ್ಟು ಆಗದೇ ಇರೋದು ಒಂದು ಹಿಡಿ ನಾನೇ ತರ್ತೀನಿ. ಪಾರಿವಾಳಕ್ಕೆ ಒಳ್ಳೇದಾಗ್ಲಿ."

ಡಿಸೆಂಬರ್ 4, ಸಂಜೆ

ಮೊದಲ ಕ್ಲಾಸ್. ಬಂದವರು ಬೇಕರಿಯವರು, ನರ್ಸಮ್ಮ, ಕಾಲೇಜಿನ ಇಬ್ಬರು, ಪ್ರಶ್ನೆಪೆಟ್ಟಿಗೆ. ನರ್ಸಮ್ಮ ಫ್ರೆಂಚ್ ಆಡುವ ಊರಿನ ಆಸ್ಪತ್ರೆಗೆ ಕೆಲಸಕ್ಕೆ ಹೊರಟಿರುವವಳು. ಪ್ರಶ್ನೆಪೆಟ್ಟಿಗೆ ಐದನೇ ಕ್ಲಾಸಿನ ಹುಡುಗಿ, ಅವಳ ಅಮ್ಮನಿಗೆ ಮನೆಯಲ್ಲಿ ಒಂದು ಗಂಟೆ ನೆಮ್ಮದಿ ಬೇಕು ಅಂತ ಇಲ್ಲಿಗೆ ಕಳಿಸುತ್ತಾರೆ.

ಮಾವನನ್ನು ಬಾಗಿಲ ಪಕ್ಕ ಕೂರಿಸಿದೆ. ಮುಖ ಗೋಡೆಗೆ ತಿರುಗಿಸಿಕೊಂಡರು.

ಸಂತ ಬಾರ್ಬಳ ದಿನ. ದಕ್ಷಿಣ ಫ್ರಾನ್ಸಿನ ಕಡೆ ಇವತ್ತು ಮೂರು ಸಾಸರಿನಲ್ಲಿ ಒದ್ದೆ ಹತ್ತಿ ಹಾಸಿ ಗೋಧಿ ಹಾಕುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಪೈರು ಹಸಿರಾಗಿ ನೆಟ್ಟಗೆ ನಿಂತರೆ ಬರುವ ವರ್ಷ ಒಳ್ಳೆಯದು. ಬೇಕರಿಯವರು ಹೇಳಿದ್ದನ್ನು ನಾನು ಮೊದಲೇ ಗೊತ್ತಿದ್ದವಳ ಹಾಗೆ ಮತ್ತೆ ಹೇಳಿದೆ. ಹತ್ತಿ, ನೀರು, ಕಾಳು, ಹಸಿರು — ಒಂದೊಂದು ಶಬ್ದ, ಒಂದೊಂದು ಕೆಲಸ. ಮಧ್ಯಾಹ್ನವೆಲ್ಲ ಫೋನಿನಲ್ಲಿ ಉಚ್ಚಾರಣೆ ಕೇಳಿ ಉರು ಹೊಡೆದಿದ್ದೆ.

"ಹಸಿರಿಗೆ ವೆರ್" ಅಂದೆ. ಗೋಡೆ ಕಡೆಯಿಂದ "ಅಲ್ಲ."

ಮತ್ತೆ ಅಂದೆ. "ಅಲ್ಲ."

ಗಂಟಲಿನ ಒಳಗಿಂದ ಆ ರ್ ಎಳೆದು ಮೂರನೇ ಸಲ ಅಂದೆ. ಸದ್ದಿಲ್ಲ. ಸರಿಯಾಗಿತ್ತು ಅಂತ ಅರ್ಥ. ಇಷ್ಟು ದಿನದಲ್ಲಿ ಅವರ 'ಅಲ್ಲ' ನಿಜವಾಗಿ ಅಲ್ಲವೇ ಆಗಿದ್ದು ಇದೇ ಮೊದಲು. ನನಗೆ ಕುಣಿಯುವಷ್ಟು ಖುಷಿ ಆಯಿತು. ಕುಣಿಯಲಿಲ್ಲ, ಟೀಚರ್ ಅಲ್ಲವೆ.

ಡಿಸೆಂಬರ್ 6

ನಿನ್ನೆ ಸಂತ ನಿಕೊಲಾನ ಪಾಠ. ಬೆಲ್ಜಿಯಂ ಕಡೆ ಮಕ್ಕಳು ಐದರ ಸಂಜೆ ಬೂಟು ಸಾಲಾಗಿ ಇಟ್ಟು ಅವನ ಕತ್ತೆಗೆ ಗಜ್ಜರಿ ಇಡುತ್ತಾರೆ. ಬೆಳಿಗ್ಗೆ ಬೂಟಿನಲ್ಲಿ ಸಿಹಿ. ಒಂಟಿ ಮರದ ಬೂಟಿನ ರಹಸ್ಯ ತಿಳಿಯಿತು.

"ಟೀಚರ್, ಬೂಟು ಇಲ್ಲೇ ಬಿಟ್ಟು ಮನೆಗೆ ಹೆಂಗೆ ಹೋಗೋದು?" — ಪ್ರಶ್ನೆಪೆಟ್ಟಿಗೆ.

"ಒಂದೊಂದೇ ಬಿಡಿ."

ಎಲ್ಲರೂ ಒಂದು ಕಾಲಿಗೆ ನಮ್ಮ ಮನೆಯ ಹಳೆಯ ಚಪ್ಪಲಿ ಹಾಕಿಕೊಂಡು ಹೋದರು. ಬೇಕರಿಯವರ ಒಂದು ಕಾಲಲ್ಲಿ ಅತ್ತೆಯ ಹೂವಿನ ಚಪ್ಪಲಿ. ಬೀದಿಯಲ್ಲಿ ಜನ ಏನೆಂದುಕೊಂಡರೋ.

ಇವತ್ತು ಬೆಳಿಗ್ಗೆ ಸಿಹಿ ಹಾಕಲು ಹೋದರೆ ಸಾಲಿನ ಕೊನೆಗೆ ಒಂದು ಹೆಚ್ಚಿಗೆ ಇದೆ. ಮಾವನ ಎಡಗಾಲಿನ ಸ್ಲಿಪ್ಪರ್. ಕುರ್ಚಿಯಲ್ಲಿ ಕೂತೇ ಕಾಲಿನಿಂದ ನೂಕಿರಬೇಕು. ಅದಕ್ಕೂ ಒಂದು ಚಾಕೊಲೇಟ್ ಹಾಕಿದೆ. ಇವರಿಗೆ ತೋರಿಸಿದೆ. ಇವರು ನೋಡಿದರು. ಆಫೀಸಿಗೆ ಹೊರಡುವಾಗ ಬಗ್ಗಿ ಆ ಸ್ಲಿಪ್ಪರನ್ನು ಇನ್ನೂ ಸ್ವಲ್ಪ ನೇರ ಮಾಡಿ ಹೋದರು.

ಡಿಸೆಂಬರ್ 10

ಆಸೆ ಬಂದದ್ದೇ ತಪ್ಪಾಯಿತು. ಸ್ಲಿಪ್ಪರ್ ಸುದ್ದಿ ನೆಂಟರಿಗೆಲ್ಲ ಹರಡಿತು. ಇವತ್ತು ನಾದಿನಿ ವಿಡಿಯೋ ಕಾಲ್‌ನಲ್ಲಿ, ಅತ್ತೆ ಎಡಕ್ಕೆ, ಇವರು ಬಲಕ್ಕೆ, ನಾನು ಎದುರಿಗೆ ಚಿತ್ರದ ಕಾರ್ಡು ಹಿಡಿದು. "ಇದೇನು ಮಾವ? ನಕ್ಷತ್ರಕ್ಕೆ ಏನಂತಾರೆ?" ಬಾಯಿ ತೆರೆದರು. ಏನೋ ಬರುತ್ತಿತ್ತು, ಆಣೆ ಮಾಡಿ ಹೇಳುತ್ತೇನೆ. ನಾವೆಲ್ಲ ಒಟ್ಟಿಗೆ ಬಗ್ಗಿದೆವು. ಬಾಯಿ ಮುಚ್ಚಿತು. ಕಣ್ಣು ಮುಚ್ಚಿತು. ಎಡಗೈಯಲ್ಲಿ ಕಾರ್ಡು ತಳ್ಳಿದರು.

ಸಂಜೆ ಸ್ಪೀಚ್ ಥೆರಪಿ ಮೇಡಂ ಬಂದಾಗ ಹೇಳಿದೆ. ಅವರಿಗೆ ಕೋಪ ಬಂತು. "ಎಲ್ಲ ಸೇರ್ಕೊಂಡು ಬಾಯಿ ನೋಡ್ತಾ ಕೂತ್ರೆ ನಿಮಗಾದ್ರೂ ಮಾತು ಬರತ್ತಾ? ಮೇಷ್ಟ್ರಾಗಿದ್ದವರು ಅವರು. ಅವರನ್ನ ಪರೀಕ್ಷೆಗೆ ಕೂರಿಸ್ಬೇಡಿ."

ಸರಿ ಅಂದೆ. ಗೋಧಿ ಬೆರಳುದ್ದ ಬಂದಿದೆ, ಅದೊಂದು ಸಮಾಧಾನ.

ಡಿಸೆಂಬರ್ 19

ಬರೆಯಲು ಆಗಿರಲಿಲ್ಲ. ಮಾವನಿಗೆ ಎದೆಗೆ ಕಫ ಕಟ್ಟಿ ಆಸ್ಪತ್ರೆ. ಇವತ್ತು ಕರೆದುಕೊಂಡು ಬಂದೆವು. ಇಳಿದುಹೋಗಿದ್ದಾರೆ. ಈಗ 'ಅಲ್ಲ' ಕೂಡ ಅನ್ನುತ್ತಿಲ್ಲ. ಆ ಶಬ್ದ ಕೇಳಿದರೆ ಸಾಕು ಅನ್ನುವಂತಾಗಿದೆ ನನಗೆ.

ಕ್ಲಾಸ್ ನಿಂತಿರಲಿಲ್ಲವಂತೆ. ಅತ್ತೆ ಹೇಳಿದರು. ಐದೂ ಜನ ಬಂದು, ತಾವೇ ಕೂತು, ಬೇಕರಿಯವರು ಗೊತ್ತಿದ್ದಷ್ಟು ಹೇಳಿಕೊಟ್ಟು, ಗೋಧಿಗೆ ನೀರು ಹಾಕಿ, ಬಾಗಿಲೆಳೆದುಕೊಂಡು ಹೋಗುತ್ತಿದ್ದರಂತೆ. ಒಂದು ಸಾಸರ್ ಕೊಳೆತಿದೆ. ಐದು ಜನವೂ ನೀರು ಹಾಕಿದರೆ ಇನ್ನೇನಾಗುತ್ತದೆ. ಬೈಯೋಣ ಅಂದುಕೊಂಡೆ, ಆ ಸಾಸರನ್ನು ತೊಳೆದಿಟ್ಟೆ.

ಇವರು ಮೆಲ್ಲಗೆ ಅಂದರು, "ಸಾಕು ಮಾಡೋಣ್ವಾ?"

"ಜನವರಿ ಆರು ಅಂತ ಮಾತಾಗಿದೆ" ಅಂದೆ.

ಡಿಸೆಂಬರ್ 24, ಸಂಜೆ

ನನ್ನ ಕೈಯಾರೆ ಕೆಡಿಸಿದೆ.

ಎಲ್ಲ ಚೆನ್ನಾಗಿಯೇ ಇತ್ತು. ಬಿಳಿ ಬಟ್ಟೆ ಹಾಸಿದ್ದೆವು. ಉಳಿದ ಎರಡು ಸಾಸರಿನ ಪೈರಿಗೆ ಕೆಂಪು ರಿಬ್ಬನ್ ಕಟ್ಟಿ ನಡುವೆ ಇಟ್ಟಿದ್ದೆವು. ನೆಟ್ಟಗೆ, ಹಸಿರಾಗಿ. ದಕ್ಷಿಣ ಫ್ರಾನ್ಸಿನ ಪದ್ಧತಿಯಂತೆ ಹದಿಮೂರು ಬಗೆಯ ಸಿಹಿ ಇಡಬೇಕು — ಬಾದಾಮಿ, ಅಂಜೂರ, ಒಣದ್ರಾಕ್ಷಿ ಎಲ್ಲ ಲೆಕ್ಕಕ್ಕೆ ಬರುತ್ತದೆ. ಒಂದು ತಟ್ಟೆ ಹೆಚ್ಚಿಗೆ, ಯಾರಾದರೂ ಬಡವರೋ ದಾರಿಹೋಕರೋ ಬಾಗಿಲು ತಟ್ಟಿದರೆ ಇರಲಿ ಅಂತ. ಎಲ್ಲರೂ ಮುರುಕು ಫ್ರೆಂಚಿನಲ್ಲೇ ಬಡಿಸಿಕೊಂಡರು. ನರ್ಸಮ್ಮ ಒಂದು ಇಡೀ ವಾಕ್ಯ ತಡವರಿಸದೆ ಹೇಳಿದಳು. ಮಾವ ಮೇಜಿನ ತುದಿಯಲ್ಲಿ. ಮುಖ ಗೋಡೆಗಲ್ಲ, ನಮ್ಮ ಕಡೆಗೇ.

ಅಷ್ಟಕ್ಕೆ ಸುಮ್ಮನಿರಬಾರದಿತ್ತೆ. ನನ್ನ ನಾಲಿಗೆಗೆ ಬೆಂಕಿ ಬೀಳ. "ಮಾವ, ಈ ಖಾಲಿ ತಟ್ಟೆಗೆ ಏನಂತಾರೆ, ನೀವೇ ಹೇಳಿ" ಅಂದೆ.

ಎಲ್ಲರೂ ತಿನ್ನುವುದು ಬಿಟ್ಟು ಅವರ ಬಾಯಿ ನೋಡಿದರು. ಮಾವನ ಮುಖ ಕೆಂಪಾಯಿತು. ತುಟಿ ಅದುರಿತು. ಎಡಗೈ ಬೀಸಿದರು. ಎರಡೂ ಸಾಸರ್ ನೆಲಕ್ಕೆ. ಪೈರು, ಹತ್ತಿ, ಚೂರು ಎಲ್ಲ ಒಂದಾಯಿತು.

ಇವರು ಎದ್ದು ಬಂದು ಕುರ್ಚಿ ಹೊರಳಿಸಿ ಒಳಗೆ ಕರೆದೊಯ್ದರು. ಬಾಗಿಲಲ್ಲಿ ನಿಂತು, "ಅಪ್ಪನ್ನ ಪ್ರದರ್ಶನಕ್ಕೆ ಇಡಬೇಡ" ಅಂದರು. ಜೋರಾಗಿ ಅನ್ನಲಿಲ್ಲ. ಜೋರಾಗಿ ಅಂದಿದ್ದರೆ ನಾನೂ ಜೋರಾಗಿ ಏನಾದರೂ ಅನ್ನಬಹುದಿತ್ತು.

ಡಿಸೆಂಬರ್ 25

ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿಗೆ ರಜೆ. ಚೂರು ಇನ್ನೂ ಸಿಗುತ್ತಿವೆ, ಬೀರುವಿನ ಕೆಳಗೆ.

ಡಿಸೆಂಬರ್ 28

ಶೇವಿಂಗ್ ಮಾಡುವಾಗ ಹೇಳಿದೆ. "ತಪ್ಪಾಯ್ತು ಮಾವ. ಇನ್ನು ನಿಮ್ಮನ್ನ ಏನೂ ಕೇಳಲ್ಲ. ಕಾಫಿ ಬೇಕಾ ಅಂತಾನೂ ಕೇಳಲ್ಲ, ತಂದಿಡ್ತೀನಿ." ಕನ್ನಡಿಯಲ್ಲೇ ನನ್ನನ್ನು ನೋಡುತ್ತಿದ್ದರು. ಬಲಗೆನ್ನೆಯನ್ನು ತಾವೇ ಎಡಗೈಯಿಂದ ಎಳೆದು ಹಿಡಿದುಕೊಟ್ಟರು.

ಜನವರಿ 2

ಇವರು ಟೇಪು ಹಿಡಿದು ಮುಂದಿನ ಕೋಣೆ ಅಳೆದರು. ಮಂಚ ಏಳನೇ ತಾರೀಖು ಬರುತ್ತದಂತೆ. ಮೇಜಿಗೆ ಯಾರೋ ಗಿರಾಕಿ ಕೂಡ ಸಿಕ್ಕಿದ್ದಾರೆ. ಟೇಪಿನ ಇನ್ನೊಂದು ತುದಿ ಹಿಡಿದುಕೋ ಅಂದರು. ಹಿಡಿದುಕೊಂಡೆ. ಮಾತು ಅಂದರೆ ಮಾತು. ನಾನೂ ಒಪ್ಪಿದವಳೇ.

ಆದರೆ ಆರನೇ ತಾರೀಖಿನ ಪಾಠ ಬಿಡುವುದಿಲ್ಲ. ಮಾವ ಒಂದು ವರ್ಷವೂ ತಪ್ಪಿಸಿದವರಲ್ಲ. ಮೇಜು ಹೋಗುವುದಾದರೆ ಕೊನೆಯ ಪಾಠ ಮಾಡಿಯೇ ಹೋಗಲಿ.

ಜನವರಿ 4

ಬೇಕರಿಯವರು ಬಂದು ವಿವರಿಸಿದರು. ಆರರಂದು ರಾಜರ ಕೇಕು, ಗಾಲೆತ್. ಪದರ ಪದರ ಹಿಟ್ಟಿನ ನಡುವೆ ಬಾದಾಮಿ. ಒಳಗೆ ಒಂದು ಚಿಕ್ಕ ಪಿಂಗಾಣಿ ಗೊಂಬೆ ಬಚ್ಚಿಟ್ಟಿರುತ್ತಾರೆ. ಯಾರ ತುಂಡಿನಲ್ಲಿ ಸಿಕ್ಕಿತೋ ಅವರು ಆ ದಿನದ ರಾಜ, ಇಲ್ಲವೆ ರಾಣಿ.

ಗುಂಡಿ ಡಬ್ಬಿಯಿಂದ ಬಾತುಕೋಳಿ ತೆಗೆದು ತೋರಿಸಿದೆ. "ಅದೇ ಮೇಡಂ" ಅಂದರು.

ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಶನಿಸ್ಟ್ ಆದ ನನ್ನ ಕೈಯಿಂದಲೇ ಜನರ ಹಲ್ಲು ಮುರಿಸುವ ಹಬ್ಬ. ನಮ್ಮ ಡಾಕ್ಟರಿಗೆ ಹೇಳಿದರೆ ಕ್ಲಿನಿಕ್ಕಿನ ಕಾರ್ಡು ಹಂಚಿ ಅಂದಾರು.

ಇನ್ನೊಂದು ಪದ್ಧತಿ ಇದೆ. ಕತ್ತರಿಸುವವರು ಗೊಂಬೆ ಕಂಡು ಬೇಕಾದವರಿಗೆ ಆ ತುಂಡು ಕೊಟ್ಟುಬಿಟ್ಟರೆ? ಅದಕ್ಕೇ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವರು ಮೇಜಿನ ಕೆಳಗೆ ಹೋಗಿ ಕೂರಬೇಕು. ಕತ್ತರಿಸುವವರು ಒಂದೊಂದು ತುಂಡಿಗೂ 'ಸೆ ಪೂರ್ ಕಿ?' ಅಂತ ಕೇಳುತ್ತಾರೆ. ಇದು ಯಾರಿಗೆ? ಕೆಳಗಿನವರು ಹೆಸರು ಕೂಗುತ್ತಾರೆ. ಅವರಿಗೆ ಕೇಕು ಕಾಣದು, ಅವರು ಯಾರಿಗೂ ಕಾಣರು. ಮೋಸಕ್ಕೆ ದಾರಿಯಿಲ್ಲ. ನಮ್ಮಲ್ಲಿ ಚಿಕ್ಕವಳು ಪ್ರಶ್ನೆಪೆಟ್ಟಿಗೆ, ಇನ್ಯಾರು.

ಜನವರಿ 6, ಸಂಜೆ. ಅಡುಗೆಮನೆ

ಇವರೊಬ್ಬರನ್ನು ಬಿಟ್ಟು ಎಲ್ಲರೂ ಮುಂದಿನ ಕೋಣೆಯಲ್ಲಿದ್ದಾರೆ. ಚಾಕು ತೊಳೆದು ತರುತ್ತೇನೆ ಅಂತ ಸುಳ್ಳು ಹೇಳಿ ಬಂದಿದ್ದೇನೆ. ಈಗಲೇ ಬರೆಯಬೇಕು.

ಗಾಲೆತ್ ಮೇಜಿನ ನಡುವೆ ಇಟ್ಟು, "ಚಿಕ್ಕವರು ಕೆಳಗೆ" ಅಂದೆ. ಪ್ರಶ್ನೆಪೆಟ್ಟಿಗೆ ಅಲ್ಲಾಡಲಿಲ್ಲ.

"ನಾನಲ್ಲ ಚಿಕ್ಕವಳು. ತಾತ."

"ಏನೇ ಅದು ಮಾತು?" ಅತ್ತೆ ಗದರಿದರು.

"ಹೌದಲ್ವಾ ಅಜ್ಜಿ? ಮಾತು ಕಲಿಯೋ ಕ್ಲಾಸಲ್ವಾ ಇದು? ನಂಗೆ ಎಷ್ಟೊಂದು ಮಾತು ಬರತ್ತೆ. ತಾತಂಗೆ ಒಂದೇ ಬರೋದು. ಹಂಗಿದ್ಮೇಲೆ ತಾತನೇ ಚಿಕ್ಕವರು."

ನರ್ಸಮ್ಮ ತಲೆ ತಗ್ಗಿಸಿದಳು. ಬಾಗಿಲಲ್ಲಿದ್ದ ಇವರ ಮುಖ ಬಿಳುಚಿಕೊಂಡಿತು. ಅಷ್ಟರಲ್ಲಿ ಕರ್‌ಕರ್ ಅಂತ ಸದ್ದು. ನೋಡಿದರೆ ಮಾವ ನಗುತ್ತಿದ್ದಾರೆ. ಸ್ಟ್ರೋಕ್ ಆದಮೇಲೆ ಮೊದಲ ನಗು. ಅರ್ಧ ಬಾಯಲ್ಲೇ, ಭುಜ ಕುಲುಕಿಸಿಕೊಂಡು.

"ತಾತ ಮೇಜಿನ ಕೆಳಗೆ ಹೋಗಕ್ಕಾಗಲ್ಲ, ಮೇಜೇ ತಾತನ ಮೇಲೆ ಬರಲಿ" ಅಂತ ಹುಡುಗಿ ಬಿಳಿ ಬಟ್ಟೆಯ ಉದ್ದನೆ ಸೆರಗು ಎತ್ತಿ ಮಾವನ ತಲೆ ಮೇಲೆ ಹೊದಿಸಿಬಿಟ್ಟಳು. ತುದಿಯಲ್ಲಿ ಕೂತಿದ್ದರಲ್ಲ, ಮುಖ, ಎದೆ, ಕೈ ಎಲ್ಲ ಮುಚ್ಚಿತು. ಅತ್ತೆ ತೆಗೆಯಲು ಹೋದರು. ಒಳಗಿನಿಂದ ಎಡಗೈ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಬಿಡಲಿಲ್ಲ.

ನಾನು ಏನೂ ಕೇಳುವುದಿಲ್ಲ ಅಂತ ಮಾತು ಕೊಟ್ಟವಳು. ಆದರೆ ಇದು ನಾನು ಕೇಳುವುದಲ್ಲ, ಪಾಠ ಕೇಳುವುದು. ಎಲ್ಲರಿಗೂ ಕೇಕನ್ನೇ ನೋಡಿ ಅಂದೆ. ನಾನೂ ಕೇಕನ್ನೇ ನೋಡಿದೆ. ಮೊದಲ ತುಂಡು ಕತ್ತರಿಸಿದೆ.

"ಸೆ ಪೂರ್ ಕಿ?"

ಯಾರೂ ತಲೆ ಎತ್ತಲಿಲ್ಲ. ಪ್ರಶ್ನೆಪೆಟ್ಟಿಗೆ ಕೂಡ, ದೇವರು ದೊಡ್ಡವನು, ಬಾಯಿ ಬಿಡಲಿಲ್ಲ. ಪದರದ ಚೂರೊಂದು ಚಾಕುವಿನಿಂದ ತಟ್ಟೆಗೆ ಬಿತ್ತು.

"ಅಲ್ಲ" ಅಂತು ಬಟ್ಟೆ.

ಎಷ್ಟು ದಿನವಾಗಿತ್ತು ಅದನ್ನು ಕೇಳಿ. ಅಷ್ಟೇ ಸಾಕು ಅಂದುಕೊಂಡೆ. ಮುಗಿಯಿತು, ನಾಳೆ ಮಂಚ ಬರಲಿ ಅಂದುಕೊಂಡೆ. ಆದರೂ ಹಟ, ಹುಟ್ಟುಗುಣ. ಅದೇ ತುಂಡು ಎತ್ತಿ ಇನ್ನೊಂದು ಸಲ ಕೇಳಿದೆ. "ಸೆ ಪೂರ್ ಕಿ?"

ಬಟ್ಟೆಯೊಳಗೆ ಉಸಿರು ಎಳೆದ ಸದ್ದು. ಬಾಯಿಯ ಹತ್ತಿರ ಬಿಳಿ ಬಟ್ಟೆ ಒಳಕ್ಕೆ ಹೋಯಿತು, ಹೊರಗೆ ಬಂತು.

"ಪೂರ್."

ಬೇಕರಿಯವರ ಕೈ ನನ್ನ ತೋಳು ಹಿಡಿಯಿತು.

"ಪೂರ್... ಲಾ... ಮೊ..." ತಡೆ. ಮತ್ತೆ ಉಸಿರು. "ಮೊವೇಜ್... ಎಲೆವ್."

ಕೆಟ್ಟ ವಿದ್ಯಾರ್ಥಿಗೆ.

ಅದು ಯಾರೆಂದು ಯಾರಿಗೂ ಗೊತ್ತಾಗಲಿಲ್ಲ, ಮನೆಯವರಿಗೆ ಬಿಟ್ಟು. ಅತ್ತೆ ಅಲ್ಲೇ ಕೂತುಬಿಟ್ಟರು. ಹುಡುಗಿ, "ಯಾರು ಟೀಚರ್ ಅದು? ನಮ್ಮಲ್ಲಿ ಕೆಟ್ಟವರು ಯಾರು?" ಅಂತ ಒಂದೇ ಸಮ ಕೇಳುತ್ತಿದ್ದಳು. ನಾನೇ ಕಣೆ ಅಂದೆ. ಅಂದೆನೋ ಇಲ್ಲವೋ. ಮುಖ ತೊಳೆಯಬೇಕಾಗುವಷ್ಟು ಅತ್ತುಬಿಟ್ಟೆ.

ಇಲ್ಲಿ ಪಕ್ಕದಲ್ಲೇ ಇವರು ಊಟದ ಕೋಣೆಯಲ್ಲಿ ಟೇಪು ಹಿಡಿದು ಬಗ್ಗಿದ್ದಾರೆ. ಒಬ್ಬರೇ, ತುದಿಯನ್ನು ಕಾಲಲ್ಲಿ ಒತ್ತಿ ಹಿಡಿದು. "ಈ ಒಂದು ಮೆಟ್ಟಿಲು ಒಡೆಸಿದ್ರೆ ಮಂಚ ಇಲ್ಲೇ ಹಿಡಿಯತ್ತೆ" ಅಂದರು, ನನ್ನ ಮುಖ ನೋಡದೆ. ಅವರ ಮೂಗು ಕೆಂಪಾಗಿತ್ತು. ತುದಿ ಹಿಡಿದುಕೊಳ್ಳಲಾ ಅಂದೆ. "ಬೇಡ, ನೀನು ಹೋಗು, ಕ್ಲಾಸಿದೆ" ಅಂದರು.

ನನ್ನ ತುಂಡು ಇನ್ನೂ ತಿಂದಿಲ್ಲ. ಬಾತುಕೋಳಿ ಯಾರ ಪಾಲಿಗೋ ಗೊತ್ತಿಲ್ಲ. ಮಾವ ಮುಸುಕು ತೆಗೆಯಲು ಬಿಡುತ್ತಿಲ್ಲವಂತೆ, ಕೈಯಿಂದ ಮೇಜು ಕುಟ್ಟುತ್ತಿದ್ದಾರಂತೆ, ಎರಡನೇ ತುಂಡು ಕೇಳು ಅಂತ. ಹುಡುಗಿ ಬಾಗಿಲಿಗೆ ಬಂದು ನಿಂತಿದ್ದಾಳೆ, ಚಾಕು ತೊಳೆಯೋಕೆ ಇಷ್ಟೊತ್ತಾ ಅಂತ ಪ್ರಶ್ನೆ.

ಮುಂದಿನ ಕೋಣೆಯಿಂದ ಕೂಗು ಕೇಳಿಸಿತು. ಮುರುಕಾಗಿ, ಆದರೆ ಅದೇ ಕೂಗು. ಎರಡೇ ಶಬ್ದ, ಅದರ ಹಿಂದೆ 'ಕಾ' ಅಂತ ಇನ್ನೊಂದು ಶುರುವಾಗಿ—

ಹಾಲು ಒಲೆ ಮೇಲೆ ಇಟ್ಟೆ. ಬಂದೆ ಮಾವ.